ಲಾ ಕಾಲೇಜಿನ ಅಣ್ಣಾರು

ಹುಬ್ಬಳ್ಳಿ-ಧಾರವಾಡದ ಕಡೆ ಲಾ ಕಾಲೇಜು ಇದ್ದಲ್ಲಿ ಎದುರಿಗೊಂದು ಚಹಾದಂಗಡಿ, ಚಹಾದಂಗಡಿ ಇದ್ದಲ್ಲಿ ಅಣ್ಣಾರು. ಸೇರಿದ್ದು ಐದು ವರ್ಷದ ಕೋರ್ಸಿಗೆ. ಈಗ ಎಷ್ಟನೆಯ ವರ್ಷ ಎಂದು ಕೇಳುವುದು ಮರ್ಯಾದೆಯಲ್ಲ. ಬಿಳಿ ಅಂಗಿಯ ಇಸ್ತ್ರಿ ಮುರಿದಿರುವುದಿಲ್ಲ. ಕರಿ ಕೋಟು ಸದಾ ತೋಳ ಮೇಲೆ: ತೊಟ್ಟರೆ ಸೆಖೆ, ರೂಮಿನಲ್ಲಿ ಬಿಟ್ಟು ಬಂದರೆ ಜನಕ್ಕೆ ಗೊತ್ತಾಗುವುದು ಹೇಗೆ?

ಪರೀಕ್ಷೆ ಹತ್ತಿರ ಬಂತೆಂದರೆ ಜೂನಿಯರುಗಳು ಸುತ್ತ ಮುಕುರುತ್ತಾರೆ.

“ಅಣ್ಣಾ, ಕಾನ್‌ಸ್ಟಿಟ್ಯೂಷನ್ ಹ್ಯಾಂಗ ಓದೂದು?”

“ಓದೂದಾ? ಲೇ ತಮ್ಮಾ, ಓದಿದಾಂವ ಪ್ರೊಫೆಸರ್ ಆಗ್ತಾನ. ನೀ ವಕೀಲ ಆಗಾಂವ ಹೌದಲ್ಲೊ?”

ಹಳೇ ಪ್ರಶ್ನೆಪತ್ರಿಕೆ ಹರವಿ, ಹೋದ ಸಲ ಬಂದದ್ದನ್ನು ಹೊಡೆದುಹಾಕಿದರೆ ಸಿಲಬಸ್ ಅರ್ಧವಾಯಿತು. ಉತ್ತರದ ಮೊದಲ ಪುಟ ಮುತ್ತಿನಂಥ ಅಕ್ಷರ, ಹೆಡ್ಡಿಂಗಿಗೆ ಅಡಿಗೆರೆ, ಪುಟಕ್ಕೊಂದು ಕೇಸಿನ ಹೆಸರು. ಹೆಸರು ನೆನಪಾಗದಿದ್ದರೆ? ಕೇಶವಾನಂದ ಭಾರತಿ ಇದ್ದೇ ಇದೆ. 1973, 13 ನ್ಯಾಯಮೂರ್ತಿಗಳು, 7-6 ಎಂದು ಅಣ್ಣಾರು ಒಂದೇ ಉಸಿರಿಗೆ ಒದರುತ್ತಾರೆ. ಸಂವಿಧಾನದ ಮೂಲ ರಚನೆಗೆ ಸಂಸತ್ತು ಕೈಹಾಕುವಂತಿಲ್ಲ ಎಂಬ ಆ ತೀರ್ಪಿನ ತಿರುಳಿನವರೆಗೆ ಹೋಗಲು ಪುರುಸೊತ್ತಾಗಿಲ್ಲ, ಅಷ್ಟೆ. ಆಸ್ತಿ ವರ್ಗಾವಣೆ ಕಾಯ್ದೆಯ ಪೇಪರಿನಲ್ಲೂ ಅದನ್ನೇ ಬರೆದು ಬಂದಿದ್ದರು. ಯಾಕೆಂದರೆ, “ಎಡನೀರು ಮಠದ ಸ್ವಾಮಿಗಳ ಕೇಸಲ್ಲೇನ್ಲೇ ಅದು? ಕೇರಳದ ಭೂಸುಧಾರಣೆಯೊಳಗ ಮಠದ ಜಮೀನು ಹೊಂಟಿತ್ತು. ಜಮೀನು ಆಸ್ತಿ ಅಲ್ಲೇನು?” ಇದಕ್ಕಿಂತ ಸಡಿಲ ವಾದವನ್ನು ಗೌನು ತೊಟ್ಟವರ ಬಾಯಲ್ಲೂ ಕೇಳಿದ್ದೇನೆ.

2024ರ ಜುಲೈ 1ರಂದು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅಣ್ಣಾರ ಝೆರಾಕ್ಸ್ ನೋಟ್ಸಿಗೆ ಹೊಸ ರಟ್ಟು ಬಂತು, ಮೇಲೆ ‘ಹೊಸ ಕಾಯ್ದೆಯ ಪ್ರಕಾರ’ ಎಂದು ಸ್ಕೆಚ್ ಪೆನ್ನಿನ ಬರಹ. ಒಳಗೆ ಕೊಲೆಗೆ ಇನ್ನೂ 302ನೇ ಕಲಮೇ. “ಖೂನಿ ಅದ ಐತಿ, ನಂಬರ್ ಅಷ್ಟ ಬದಲಾಗೇತಿ” ಎಂಬ ಸಮಾಧಾನ.

ಆದರೆ ಅವರ ನಿಜವಾದ ವಿಷಯ ನೆಟ್‌ವರ್ಕಿಂಗ್. ವಕೀಲರ ಮನೆ ಮದುವೆ, ಗೃಹಪ್ರವೇಶ, ಬಾರ್ ಅಸೋಸಿಯೇಷನ್ ಚುನಾವಣೆ, ಒಂದನ್ನೂ ತಪ್ಪಿಸುವವರಲ್ಲ. ಯಾವ ಸಾಹೇಬರಿಗೆ ಸಕ್ಕರೆ ಇಲ್ಲದ ಚಹಾ, ಯಾರ ಮಗ ಪಿಯುಸಿ, ಎಲ್ಲ ಬಾಯಿಪಾಠ. ವಕೀಲರು ಜಾಹೀರಾತು ಮಾಡಿಕೊಳ್ಳಬಾರದೆಂದು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮವಿದೆ. ಅಣ್ಣಾರು ಇನ್ನೂ ವಕೀಲರಾಗಿಲ್ಲವಾದ್ದರಿಂದ ಅದು ತಮಗೆ ತಾಗುವುದಿಲ್ಲವೆಂದು ಚಿನ್ನದ ಅಂಚಿನ ವಿಸಿಟಿಂಗ್ ಕಾರ್ಡು ಹಂಚುತ್ತಾರೆ. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಒಂದು ಮಧ್ಯಾಹ್ನ ತೂಕಡಿಸಿದ್ದು ಲಿಂಕ್ಡ್‌ಇನ್‌ನಲ್ಲಿ ಇಂಟರ್ನ್‌ಶಿಪ್ ಆಗಿದೆ.

ಇಷ್ಟರ ನಡುವೆ ಒಂದು ಮಾತು ಮಾತ್ರ ಅಪ್ಪಟ: “ವಕೀಲರ ನಂಬರ್ ಎಲ್ಲಾರ ಕಡೆ ಇರ್ತೈತಿ. ಗುಮಾಸ್ತರ ನಂಬರ್ ಇಟ್ಕೋರಿ.” ಫೈಲಿಂಗಿನ ಆಕ್ಷೇಪಣೆ ಎಲ್ಲಿ ಬರುತ್ತದೆ, ಎಷ್ಟು ಕೋರ್ಟ್ ಫೀ ಸ್ಟ್ಯಾಂಪು, ಸರ್ಟಿಫೈಡ್ ಕಾಪಿ ಯಾವಾಗ ಕೈಗೆ ಸಿಗುತ್ತದೆ, ಇದೆಲ್ಲ ಯಾವ ಸೆಮಿಸ್ಟರಿನಲ್ಲೂ ಇಲ್ಲ.

ಮೊನ್ನೆ ಜಿಲ್ಲಾ ಕೋರ್ಟಿನ ವರಾಂಡದಲ್ಲಿ ಜೂನಿಯರುಗಳ ದಂಡು ಕಟ್ಟಿಕೊಂಡು ನಿಂತಿದ್ದರು. ಎದುರಿಗೆ ಬಂದ ಹಿರಿಯ ವಕೀಲರೊಬ್ಬರಿಗೆ ನಡು ಬಗ್ಗಿಸಿ ನಮಸ್ಕಾರ ಹಾಕಿ, ಕೈಯೊಳಗಿನ ಫೈಲುಗಳನ್ನು ತಾವೇ ಇಸಕೊಂಡರು.

“ಅದರಾಗ 482ರ ಅರ್ಜಿ ತಗಿ ತಮ್ಮಾ, ಸೆಷನ್ಸ್ ಕೋರ್ಟಿನ್ಯಾಗ ಈಗ ಕರೀತಾರ.”

ಅಣ್ಣಾರು ಒಮ್ಮೆ ಹಿಂದೆ ತಿರುಗಿ ಶಿಷ್ಯರನ್ನು ನೋಡಿ, ಗಂಟಲು ಸರಿಮಾಡಿಕೊಂಡರು. “ಸಾಹೇಬ್ರ, 482 ಅಂದ್ರ ಹೈಕೋರ್ಟಿನ ಅಂತರ್ಗತ ಅಧಿಕಾರ ಅಲ್ರೀ? ಸೆಷನ್ಸ್‌ನ್ಯಾಗ ಹ್ಯಾಂಗ ನಡೀತೈತ್ರಿ?”

ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. ಹಿಂದಿದ್ದ ಗುಮಾಸ್ತರೇ ಫೈಲು ಎಳೆದುಕೊಂಡು, “ಅದು ಹಳೇ ಸಿಆರ್‌ಪಿಸಿ ಮಾತು. ನಾಗರಿಕ ಸುರಕ್ಷಾ ಸಂಹಿತೆಯೊಳಗ ಅದು 528. ಈಗ 482 ಅಂದ್ರ ನಿರೀಕ್ಷಣಾ ಜಾಮೀನು” ಎಂದು ಅರ್ಜಿ ತೆಗೆದುಕೊಟ್ಟರು.

ಅಣ್ಣಾರು ಎಳ್ಳಷ್ಟೂ ಅಳುಕದೆ ಶಿಷ್ಯರ ಕಡೆ ತಿರುಗಿ, “ಕೇಳಿದ್ರಿಲ್ಲೊ? ಗುಮಾಸ್ತರ ನಂಬರ್ ಇಟ್ಕೋರಿ ಅಂತ ಇದಕ್ಕ ಹೇಳಿದ್ದು” ಎಂದರು.