ಪಿತೃಭಾಷಾ ಮೀಮಾಂಸೆ

ಸೂತ್ರ: ಗಂಡಹೆಂಡಿರು ಯಾವ ಭಾಷೆಯಲ್ಲಿ ಜಗಳವಾಡುವರೋ ಅದೇ ಕೂಸಿನ ಮನೆಮಾತು.

ಭಾಷ್ಯ: ತೊಟ್ಟಿಲ ಮುಂದೆ ನಿಘಂಟು ಹಿಡಿದು ಕೂತು, ಯಾರೋ ಕಟ್ಟಿದ ಭಾಷೆಯನ್ನು ಕೂಸಿನ ಬಾಯಲ್ಲಿ ನುಡಿಸಹೊರಡುವ ತಂದೆಗೆ ಶಾಸ್ತ್ರದಲ್ಲಿ 'ಪಿತೃಭಾಷಾಪ್ರವರ್ತಕ' ಎಂದು ಹೆಸರು. (ಮನೆಯಲ್ಲಿ ಬೇರೆ ಹೆಸರಿದೆ, ಅದು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.)

ಪೂರ್ವಪಕ್ಷ: ತಂದೆಯೊಬ್ಬನ ಛಲವೇ ಸಾಕು ಎನ್ನುವವರುಂಟು. ಅವರು ಅಮೆರಿಕದ ಒಬ್ಬ ಭಾಷಾವಿಜ್ಞಾನಿಯನ್ನು ನೋಡಲಿ. ಮಗನ ಮೊದಲ ಮೂರು ವರ್ಷ ಆತ ಅವನೊಡನೆ ಆಡಿದ್ದು ಕ್ಲಿಂಗಾನ್ ಭಾಷೆಯನ್ನು. 'ಸ್ಟಾರ್ ಟ್ರೆಕ್' ಚಿತ್ರಗಳ ಯೋಧಕುಲಕ್ಕಾಗಿ ಮಾರ್ಕ್ ಓಕ್ರಾಂಡ್ ಕಟ್ಟಿದ ಭಾಷೆ ಅದು. 1985ರಲ್ಲಿ ನಿಘಂಟೂ ಬಂತು. ಅದರಲ್ಲಿ ನಮಸ್ಕಾರವೆಂಬುದಿಲ್ಲ, ಎದುರಾದವರನ್ನು 'ಏನು ಬೇಕು?' ಎಂದು ಗದರುವುದೇ ಶಿಷ್ಟಾಚಾರ. 'ಹ್ಯಾಮ್ಲೆಟ್' ನಾಟಕವೂ ಅದಕ್ಕೆ ಅನುವಾದವಾಗಿದೆ. ಆದರೆ ಮೇಜಿಗೆ, ಹಾಲಿನ ಬಾಟಲಿಗೆ ಪದವಿಲ್ಲದೆ ತಂದೆ ಒದ್ದಾಡಿದ. ತಾಯಿಯೋ ಇಂಗ್ಲಿಷಿನವಳು. ಕದನಕ್ಕೆಂದೇ ಹುಟ್ಟಿದ ಭಾಷೆ, ಮನೆಯಲ್ಲಿ ಎದುರಾಳಿಯೇ ಇಲ್ಲ! ಮಗ ಇಂಗ್ಲಿಷಿನ ಪಕ್ಷ ಸೇರಿದ.

ಸಿದ್ಧಾಂತ: ಕಣ್ಣಿನ ವೈದ್ಯ ಜಾಮೆನ್‌ಹಾಫರು 1887ರಲ್ಲಿ ವಾರ್ಸಾದಿಂದ ಹೊರತಂದ ಎಸ್ಪೆರಾಂಟೊವನ್ನು ಹುಟ್ಟಿನಿಂದಲೇ ಆಡುವವರು ಇಂದು ಸಾವಿರದ ಆಸುಪಾಸು ಎಂದು ಅಂದಾಜು. ಕಾರಣ ಸ್ಪಷ್ಟ. ಸಮ್ಮೇಳನಗಳಲ್ಲಿ ಭೇಟಿಯಾಗಿ ಮದುವೆಯಾದ ಬೇರೆಬೇರೆ ದೇಶದ ಜೋಡಿಗಳಿಗೆ, ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ದೂರಲು ಬೇರೆ ಭಾಷೆಯಿಲ್ಲ. ಜಗಳ ಉಂಡು ಮಲಗುವ ತನಕ, ಅದರ ವ್ಯಾಕರಣ ಕೂಸಿಗೆ ಜನ್ಮಪೂರ್ತಿ. ವೈದ್ಯರ 16 ನಿಯಮಗಳಿಗೆ ಕೂಸುಗಳು ತಲೆಬಾಗುತ್ತವೆಂದಲ್ಲ. ಕೆಲವು ಮಕ್ಕಳು ದ್ವಿತೀಯಾ ವಿಭಕ್ತಿಯನ್ನೇ ನುಂಗಿದ್ದನ್ನು ವಿದ್ವಾಂಸರು ದಾಖಲಿಸಿದ್ದಾರೆ. 'ಅನ್ನ ತಿನ್ನು, ಹಾಲು ಕುಡಿ' ಎಂದು ನಿತ್ಯ ನುಂಗುವ ನಾವು ಅವರನ್ನು ಆಕ್ಷೇಪಿಸಲಾರೆವು.

ಸ್ವತಃ ಜಾಮೆನ್‌ಹಾಫರ ಮಗಳು ಲಿಡಿಯಾ ಎಸ್ಪೆರಾಂಟೊ ಕಲಿತದ್ದು ಒಂಬತ್ತರ ವಯಸ್ಸಿನಲ್ಲಿ. ಆ ಮನೆಯ ಜಗಳಗಳೆಲ್ಲ ಬೇರೆ ಭಾಷೆಯಲ್ಲಿ ನಡೆಯುತ್ತಿದ್ದವೆಂದು ಅನುಮಾನಪ್ರಮಾಣದಿಂದ ಅರಿಯತಕ್ಕದ್ದು.

ಪರಿಶಿಷ್ಟ: ನಮ್ಮ ಹುಡುಗರ ಕ-ಭಾಷೆಗೆ ('ಕನಾಕಳೆ ಕಬಾ') ನಿಘಂಟಿಲ್ಲ, ಪ್ರವರ್ತಕನಿಲ್ಲ. ಹಿರಿಯರ ಮೇಲೆ ಪಿತೂರಿ ಮಾಡುವ ಅಗತ್ಯವೊಂದರಿಂದಲೇ ಅದು ಕೇರಿಯಿಂದ ಕೇರಿಗೆ ದಾಟಿದೆ. ಇದೂ ಜಗಳದ ಶಾಖೆಯೇ ಆದ್ದರಿಂದ ಸೂತ್ರಕ್ಕೆ ಬಾಧಕವಿಲ್ಲ.

ಪ್ರವರ್ತಕರಲ್ಲಿ ವಿನಂತಿ: ನಿಘಂಟನ್ನು ಮೊದಲು ಹೆಂಡತಿಗೆ ಕೊಡಿ. ಆಕೆ ಪೂರ್ತಿ ಓದಿದ ಮೇಲೆ ಜಗಳ ತೆಗೆಯಿರಿ.