ಅವಸರದ ವಿದ್ಯೆ

ಮನೆಯಲ್ಲಿ ತುರ್ತು ಚಿಕಿತ್ಸೆ ಓದುವ ಮಕ್ಕಳಿದ್ದರೆ ನಮ್ಮ ಕೈ ನಮ್ಮದಾಗಿ ಉಳಿಯುವುದಿಲ್ಲ. ಅರಕಲಗೂಡು ಕಡೆಯಿಂದ ಅಕ್ಕನ ಮಗಳು ಕಾಲೇಜಿಗೆಂದು ನಮ್ಮಲ್ಲಿಗೆ ಬಂದ ಮೇಲೆ, ನಾನು ಪೇಪರು ಹಿಡಿದು ಕೂತರೆ ತೋಳಿಗೆ ಬಿಪಿ ಪಟ್ಟಿ ಬಿತ್ತೆಂದೇ ಲೆಕ್ಕ. ಗಾಳಿ ತುಂಬಿ, ಮೊಣಕೈ ಒಳಮಗ್ಗುಲಿಗೆ ಸ್ಟೆತಾಸ್ಕೋಪು ಒತ್ತಿ, "ಮಾತಾಡಬೇಡಿ ಮಾವ" ಎನ್ನುತ್ತಾಳೆ. ಗಾಳಿ ಇಳಿಯುತ್ತಾ ಮೊದಲು ಟಕ್ ಎಂದದ್ದು ಮೇಲಿನ ಅಂಕಿ, ಸದ್ದು ಅಡಗಿದ್ದು ಕೆಳಗಿನದು. ಇದನ್ನು 1905ರಲ್ಲಿ ಜಗತ್ತಿಗೆ ಹೇಳಿದವನು ಕೊರೊಟ್ಕೋವ್ ಎಂಬ ರಷ್ಯದ ಸರ್ಜನ್. ಕಾಫಿ ಕುಡಿದ ಅರ್ಧ ಗಂಟೆ ಬಿಪಿ ನೋಡಬಾರದಂತೆ. ಅದು ತಿಳಿದಂದಿನಿಂದ ನಾನು ಅರ್ಧ ಗಂಟೆಗೊಮ್ಮೆ ಕಾಫಿ ಕುಡಿಯುತ್ತಿದ್ದೇನೆ.

ಅವಳೇನು ಓದುತ್ತಿದ್ದಾಳೆಂದು ನೆಂಟರಿಗೆ ತಿಳಿಸುವುದೇ ದೊಡ್ಡ ಕೆಲಸ. ಪ್ಯಾರಾಮೆಡಿಕಲ್ ಅಂದರೆ ಎಕ್ಸ್‌ರೇ, ಡಯಾಲಿಸಿಸ್, ಲ್ಯಾಬು ಎಲ್ಲವೂ ಅದರೊಳಗೇ. ಮೊದಮೊದಲು ಅವರೆಲ್ಲ ಒಟ್ಟಿಗೆ ಕೂತು ಅನಾಟಮಿ, ಫಿಸಿಯಾಲಜಿ ಕೇಳಿ, ಆಮೇಲೆ ಅವರವರ ದಾರಿ ಹಿಡಿಯುತ್ತಾರೆ. ಇಷ್ಟೆಲ್ಲ ಬಿಡಿಸಿ ಹೇಳಿದ ಮೇಲೂ ನಮ್ಮ ಸೋದರತ್ತೆ, "ಅಂದ್ರೆ ನರ್ಸು ತಾನೆ?" ಎಂದರು. ಕೊನೆಗೆ, "108 ಗಾಡಿಯೊಳಗೆ ರೋಗಿ ಪಕ್ಕ ಕೂತಿರ್ತಾರಲ್ಲ, ಅವರು" ಎಂದೆ. ಥಟ್ಟನೆ ಅರ್ಥವಾಯಿತು. 2008ರ ರಾಜ್ಯೋತ್ಸವದ ದಿನ ನಮ್ಮಲ್ಲಿ ಶುರುವಾದ ಆ ಗಾಡಿಯನ್ನು ಅರಿಯದ ಅಜ್ಜಿ ಇಲ್ಲ. ಅದರ ಡ್ರೈವರಿಗೆ ಪೈಲಟ್ ಅನ್ನುತ್ತಾರೆಂದು ನಾನು ಸುಮ್ಮನೆ ಸೇರಿಸಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು, "ಪೈಲಟ್ಟಾ! ಆ ಹುಡುಗನಿಗೆ ಮದುವೆ ಆಗಿದೆಯೇನೋ?" ಎಂದು ಕೇಳಿದರು.

ಸ್ಕಿಲ್ ಲ್ಯಾಬಿನಲ್ಲಿ ಇವಳಿಗೊಬ್ಬಳು ಗೆಳತಿ, ಹೆಸರು ಆನಿ. ಪ್ಲಾಸ್ಟಿಕ್ಕಿನವಳು, ಸೊಂಟದ ಕೆಳಗೆ ಏನೂ ಇಲ್ಲ. ಈ ಆನಿಯನ್ನು 1960ರಲ್ಲಿ ಮೊದಲು ತಯಾರಿಸಿದವನು ನಾರ್ವೆಯ ಆಸ್ಮುಂಡ್ ಲಾರ್ಡಾಲ್. ಅದಕ್ಕೂ ಮೊದಲು ಗೊಂಬೆ, ಆಟದ ಕಾರು ಮಾಡುತ್ತಿದ್ದವನು. ಮುಖವನ್ನು ಮಾತ್ರ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತಳೆನ್ನುವ, ಹೆಸರಿಲ್ಲದ ಹುಡುಗಿಯೊಬ್ಬಳ ಮುಖದಚ್ಚಿನಿಂದ ತೆಗೆದುಕೊಂಡ. ಕಥೆ ನಿಜವೋ ಸುಳ್ಳೋ, ಊರೂರಿನ ಮಕ್ಕಳು ಇವತ್ತಿಗೂ ಅವಳನ್ನು ಬದುಕಿಸಲು ಹೆಣಗುತ್ತಿದ್ದಾರೆ. ನಿಮಿಷಕ್ಕೆ 100ರಿಂದ 120 ಸಲ, ಎದೆ 5 ಸೆಂಟಿಮೀಟರಾದರೂ ಕೆಳಗಿಳಿಯುವಂತೆ ಒತ್ತಬೇಕು. 30 ಸಲ ಒತ್ತಿದರೆ 2 ಸಲ ಉಸಿರು. ಸಿನಿಮಾದಲ್ಲಿ ನಾಯಕಿ ನಾಲ್ಕು ಸಲ ನಯವಾಗಿ ಮುಟ್ಟಿದರೆ ನಾಯಕ ಕೆಮ್ಮಿ ಎದ್ದು ಕೂರುತ್ತಾನೆ. ಇಲ್ಲಿ ಎರಡು ನಿಮಿಷಕ್ಕೇ ರಟ್ಟೆ ಸೋತು, ಒತ್ತುವವರು ಬದಲಾಗಬೇಕು. ಆನಿ ಏಳುವುದಿಲ್ಲ. ಸರಿಯಾಗಿ ಒತ್ತಿದರೆ ಟಿಕ್ ಅನ್ನುತ್ತಾಳೆ, ಅಷ್ಟೆ.

ಸೈರನ್ನು ಕೇಳಿ ಕೇಳಿ ಇದೇನೋ ಓಟದ ವಿದ್ಯೆ ಅಂದುಕೊಂಡಿದ್ದೆ. ಅವಳಿಗೆ ಕಲಿಸುವುದನ್ನು ನೋಡಿದರೆ ಅರ್ಧಕ್ಕರ್ಧ ತಡೆದು ನಿಲ್ಲುವುದೇ. ಬಿದ್ದವರ ಬಳಿಗೆ ನುಗ್ಗುವ ಮುನ್ನ ಕರೆಂಟಿನ ತಂತಿ ಬಿದ್ದಿದೆಯೇ, ಪೆಟ್ರೋಲು ಸೋರುತ್ತಿದೆಯೇ ಎಂದು ಸುತ್ತ ನೋಡಬೇಕು. ಉಸಿರು ಎಣಿಸುವುದಾದರೆ ಪೂರ್ತಿ ಒಂದು ನಿಮಿಷ. ಅದೂ ರೋಗಿಗೆ ಹೇಳದೆ, ನಾಡಿ ಹಿಡಿದವರ ಹಾಗೆ ನಟಿಸುತ್ತಾ. ಎಣಿಸುತ್ತಾರೆಂದು ಗೊತ್ತಾದರೆ ಉಸಿರಾಟವೇ ಬದಲಾಗಿಬಿಡುತ್ತದಂತೆ. ಅವಳು ಕೈ ಹಿಡಿದರೆ ನಾನೀಗ ಉಸಿರನ್ನೇ ಬಿಗಿಹಿಡಿಯುತ್ತೇನೆ.

ಕ್ಯಾಶುವಾಲ್ಟಿಯ ನೈಟ್ ಪೋಸ್ಟಿಂಗಿನಲ್ಲಿದ್ದಾಗ ಶುಂಠಿ ಹೊಲದಲ್ಲಿ ಹಾವು ಕಚ್ಚಿದವರೊಬ್ಬರನ್ನು ತಂದರಂತೆ. ಕಾಲಿಗೆ ಮೂರು ಕಡೆ ಹಗ್ಗ, ಮೇಲೆ ಅರಿಶಿನ, ಸಾಕ್ಷಿಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾವು. ಹಾವು ಸತ್ತಿದೆಯೋ ಇಲ್ಲವೋ ಎಂಬಲ್ಲಿ ತಂದವರಲ್ಲೇ ಒಮ್ಮತವಿರಲಿಲ್ಲ. ಇವಳ ಪಾಲಿಗೆ ಬಂದದ್ದು ಗಾಜಿನ ಟ್ಯೂಬು ಕಾಯುವ ಕೆಲಸ. ಚೊಕ್ಕಟವಾದ ಒಣ ಟ್ಯೂಬಿಗೆ ರೋಗಿಯ 2 ಎಂ.ಎಲ್. ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಬಿಟ್ಟು, ಆಮೇಲೆ ವಾಲಿಸಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ಸೇರಿದೆಯೆಂದೇ ತಿಳಿಯಬೇಕು. "ಏನಾದ್ರೂ ಮಾಡಿ ಮೇಡಂ, ಸುಮ್ನೆ ನಿಂತಿದೀರಲ್ಲ!" ಎಂದು ಅಣ್ಣತಮ್ಮಂದಿರು ಸುತ್ತುಗಟ್ಟಿದರು. ಒಂದೇ ಒಂದು ಸಲ ಅಲುಗಿಸಿಬಿಡೋಣ ಎಂದು ಅವಳಿಗೂ ಕೈ ತುರಿಸಿತಂತೆ. ಕೈ ಹಿಂದೆ ಕಟ್ಟಿ ಗಡಿಯಾರ ನೋಡುತ್ತಾ ನಿಂತಳಂತೆ. ವಾಲಿಸಿದರೆ ರಕ್ತ ನೀರಾಗಿ ಹರಿಯಿತು. ಡಾಕ್ಟರು ವಿಷದ ಔಷಧಿ ಏರಿಸಿದರು. ಕೆಲವು ದಿನಕ್ಕೆ ಆ ಮನುಷ್ಯ ನಡೆದೇ ಊರಿಗೆ ಹೋದ. ಚೀಲ ಎಲ್ಲಿ ಹೋಯಿತೆಂದು ನಾನು ಕೇಳಿದೆ. ಅವಳು ಮಾತು ಬದಲಿಸಿದಳು.

ಹಾವಿಗಿಂತ ಕಷ್ಟದ್ದು ರೋಗಿಯ ಬಾಯಿ ಬಿಡಿಸುವುದು. ತೊಂದರೆ ಏನು, ಯಾವಾಗಿನಿಂದ, ಯಾವ ಔಷಧಿ, ಕೊನೆಗೆ ಉಂಡದ್ದು ಎಷ್ಟು ಹೊತ್ತಿಗೆ, ಇಷ್ಟೇ ಬೇಕಾದ್ದು. ಯಾವಾಗಿನಿಂದ ಎಂದರೆ, "ಮೊನ್ನೆ ನಾದಿನಿ ಮನೆ ಗೃಹಪ್ರವೇಶಕ್ಕೆ ಹೋಗಿದ್ವಲ್ಲ..." ಎಂದು ಶುರು. ಯಾವ ಮಾತ್ರೆ ಎಂದರೆ, "ಬಿಳೀದು, ಚಿಕ್ಕದು." ಎದೆನೋವು ಬಂದವರೆಲ್ಲರ ಪಾಲಿಗೂ ಅದು ಗ್ಯಾಸೇ. ಇದನ್ನೆಲ್ಲ ಸೋಸಿ ಡಾಕ್ಟರಿಗೆ ಅರ್ಧ ನಿಮಿಷದಲ್ಲಿ ಒಪ್ಪಿಸಬೇಕು. ಅಭ್ಯಾಸ ಮನೆಗೂ ಬಂದಿದೆ. ಮೊನ್ನೆ ಅಕ್ಕ ಫೋನಿನಲ್ಲಿ ಯಾರದೋ ಮದುವೆಯ ಜಗಳವನ್ನು ಚಪ್ಪರದಿಂದ ಆರಂಭಿಸಿದಳು. ಇವಳು ನಡುವೆಯೇ, "ಅಮ್ಮಾ, ಮುಖ್ಯವಾದ ತೊಂದರೆ ಏನು? ಎಷ್ಟು ದಿನದಿಂದ?" ಎಂದು ಕೇಳಿದಳು.

"ತೊಂದರೆ ನೀನೇ ಕಣೆ," ಎಂದಳು ಅಕ್ಕ, "ಇಪ್ಪತ್ತು ವರ್ಷದಿಂದ."