ನಾನು ಹತ್ತಿದ ಎರಡನೇ ಬಿಟಿಎಸ್

"ಅಮ್ಮಾ, ಬಿಟಿಎಸ್ ಇಲ್ದೆ ನಂಗೆ ಬದುಕೋಕಾಗಲ್ಲ" ಎಂದು ಮಗಳು ಮೊದಲ ಸಲ ಹೇಳಿದಾಗ ನನಗೆ ಕಣ್ತುಂಬಿ ಬಂದಿತ್ತು. ಓರಗೆಯ ಹುಡುಗಿಯರೆಲ್ಲ ಸ್ಕೂಟಿ ಕೊಡಿಸಿ ಎಂದು ಪೀಡಿಸುವಾಗ ಸಿಟಿ ಬಸ್ಸಿನ ಮೇಲೆ ಇಷ್ಟು ಪ್ರೀತಿಯಿಟ್ಟ ಮಗಳನ್ನು ಹೆತ್ತೆನಲ್ಲ ಎಂದು. ಬೆಂಗಳೂರಿನಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಬಿಟಿಎಸ್ ಎಂದರೆ ಬ್ಯಾಂಗಲೋರ್ ಟ್ರಾನ್ಸ್‌ಪೋರ್ಟ್ ಸರ್ವಿಸ್. 1997ರಲ್ಲಿ ಅದು ಬಿಎಂಟಿಸಿ ಆಯಿತು, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಆಗಿಲ್ಲ. ಕಾಲೇಜಿನ ದಿನಗಳಲ್ಲಿ ನನ್ನ ಗೆಳೆತನಗಳೆಲ್ಲ ಚಿಗುರಿದ್ದು ಬಸ್ ಸ್ಟಾಪಿನಲ್ಲಿ. ಮಾತು ಮುಗಿದಿಲ್ಲವೆಂದು ಬಂದ ಬಸ್ಸನ್ನೂ ಬಿಟ್ಟುಕೊಟ್ಟವರು ನಾವು.

ಅದೇ 1997ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಊರಲ್ಲಿ ಜಂಗ್‌ಕುಕ್ ಎಂಬ ಕೂಸು ಹುಟ್ಟಿತ್ತು. ಮಗಳ ಬಿಟಿಎಸ್ ಎಂದರೆ ಕೊರಿಯಾದ ಹಾಡುಗಾರರ ತಂಡ, ಅದರ ಏಳು ಹುಡುಗರಲ್ಲಿ ಅವನೇ ಕಿರಿಯ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಒಂದು ಬಿಟಿಎಸ್ ಇಳಿಯುತ್ತಿದ್ದಂತೆ ಇನ್ನೊಂದು ಹೊರಟಿತ್ತು ಅನ್ನಿ.

ಮಗಳು ಕೆಲಸ ಸಿಕ್ಕಿ ಪುಣೆಗೆ ಹೋದಳು. ಅವಳ ಕೋಣೆಯಲ್ಲಿ ಒಂದು ಪೋಸ್ಟರ್ ಉಳಿಯಿತು. ಮನೆಯಲ್ಲಿ ಕುಕ್ಕರ್ ಬಿಟ್ಟರೆ ಬೇರೆ ಯಾರೂ ಕೂಗದ ಹೊತ್ತಿನಲ್ಲಿ, ಧೂಳು ಒರೆಸುವ ನೆಪದಲ್ಲಿ ಅಲ್ಲಿ ಹೋಗಿ ಕೂರುತ್ತಿದ್ದೆ. ಏಳು ಜನರಲ್ಲಿ ಯಾರು ಯಾರೆಂದು ತಿಳಿಯದು. ದೋಷ ನನ್ನ ಕಣ್ಣಿನದೇ. ನಮ್ಮ ಮದುವೆ ಆಲ್ಬಮ್ಮಿನಲ್ಲಿ ಯಜಮಾನರ ಐವರು ಸೋದರತ್ತೆಯರನ್ನು ಇವತ್ತಿಗೂ ಬೇರೆ ಮಾಡಲಾರೆ. ಕೂದಲ ಬಣ್ಣ ನೋಡಿ ಗುರುತಿಟ್ಟುಕೊಂಡೆ. ಮುಂದಿನ ಹಾಡಿಗೆ ಏಳು ಜನವೂ ಬಣ್ಣ ಬದಲಿಸಿ ಬಂದರು. ಹಟ ಹಿಡಿದು ಕೂತೆ. ಒಂದು ತಿಂಗಳಲ್ಲಿ, ತಲೆ ಬಗ್ಗಿಸಿ ನಡೆದರೂ ಇವನು ಇಂಥವನೇ ಎನ್ನುವಷ್ಟು ಪಳಗಿದೆ.

ಈ ಲೋಕಕ್ಕೆ ಅದರದೇ ಪರಿಭಾಷೆಯುಂಟು. 'ಬಯಾಸ್' ಎಂದರೆ ಇಲ್ಲಿ ಪಕ್ಷಪಾತವಲ್ಲ, ಇಷ್ಟದೈವ. 'ಬಯಾಸ್ ರೆಕ್ಕರ್' ಎಂದರೆ ಇಷ್ಟದೈವದ ಪೂಜೆಗೆ ಕೂತಾಗ ಪಕ್ಕದ ಗುಡಿಯಿಂದ ಕಣ್ಣು ಹೊಡೆಯುವ ಇನ್ನೊಂದು ದೇವರು. ನನ್ನ ಇಷ್ಟದೈವ ಶುಗಾ, ಅಂದರೆ ಮಿನ್ ಯೂನ್‌ಗಿ. ಮುಂದಿನ ಜನ್ಮದಲ್ಲಿ ಕಲ್ಲಾಗಿ ಹುಟ್ಟಬೇಕು ಎಂದವನು. ನಮ್ಮಲ್ಲಿ ಕಲ್ಲಾಗಲು ಋಷಿಯ ಶಾಪ ಬೇಕಿತ್ತು. ಇವನು ಅದನ್ನು ವರವಾಗಿ ಕೇಳುತ್ತಾನೆ. ಮೂವತ್ತು ವರ್ಷ ಬೆಳಿಗ್ಗೆ ಐದಕ್ಕೆದ್ದ ನನಗೆ ಅವನ ಮಾತು ಒಂದೇ ಏಟಿಗೆ ಅರ್ಥವಾಯಿತು.

ಆಮೇಲೆ ಕೊರಿಯನ್ ಅಕ್ಷರ ಕಲಿಯಲು ಹೊರಟೆ. ಹದಿನೈದನೇ ಶತಮಾನದಲ್ಲಿ ಸೆಜೋಂಗ್ ಎಂಬ ದೊರೆ ಜನಸಾಮಾನ್ಯರಿಗೆಂದೇ ಮಾಡಿಸಿಕೊಟ್ಟ ಲಿಪಿ. ಕ ಎನ್ನುವಾಗ ನಾಲಿಗೆ ಹೇಗೆ ಬಾಗುತ್ತದೋ ಅದೇ ಗೆರೆ ಆ ಅಕ್ಷರ. ಕಂಠ್ಯ, ತಾಲವ್ಯ ಎಂದು ಬಾಯಿಪಾಠ ಮಾಡಿ ಬೆಳೆದವಳಿಗೆ ಇದೇನು ಹೊಸದು? ಅವರಿಗೂ ಅಪ್ಪ ಎಂದರೆ ಅಪ್ಪನೇ, ಕ್ರಿಯಾಪದ ವಾಕ್ಯದ ಬಾಲದಲ್ಲೇ. ಬೇಸರವಾದರೆ 'ಐಗೋ' ಅನ್ನುತ್ತಾರೆ. ನಮ್ಮ ಅಯ್ಯೋಗೂ ಅದಕ್ಕೂ ನಂಟು ಇದೆಯೋ ಇಲ್ಲವೋ ಪಂಡಿತರು ಹೊಡೆದಾಡಿಕೊಳ್ಳಲಿ, ನಿಟ್ಟುಸಿರು ಮಾತ್ರ ಒಂದೇ.

ಇನ್ನು ಫೋಟೋಕಾರ್ಡ್. ಆಲ್ಬಮ್ ಕೊಂಡರೆ ಒಳಗೆ ಅಂಗೈಯಗಲದ ಪಟ. ಯಾರದು ಬರುತ್ತದೆ ಎಂಬುದು ಅವರವರ ಹಣೆಬರಹ. ನನ್ನ ಹಣೆಯಲ್ಲಿ ಮೂರು ಸಲವೂ ಜಿಮಿನ್. "ಒಂದು ಚಿತ್ರಕ್ಕೆ ಇಷ್ಟು ದುಡ್ಡೇ?" ಎಂದರು ಯಜಮಾನರು. ರಾಜಕುಮಾರ್ ಚಿತ್ರದ ಮೊದಲ ಆಟಕ್ಕೆ ರಾತ್ರಿಯೆಲ್ಲ ಕ್ಯೂನಲ್ಲಿ ನಿಂತು, ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಮನೆಗೆ ಬಂದ ಮಹಾನುಭಾವರು ಇವರು. ಅಣ್ಣಾವ್ರು ಅಭಿಮಾನಿಗಳನ್ನು ದೇವರುಗಳೇ ಎಂದು ಕರೆದರಲ್ಲ, ಆ ದೇವರುಗಳಲ್ಲಿ ಒಬ್ಬರು. ಹಾಗಾಗಿ ಚಪ್ಪಲಿಯ ನೆನಪು ಮಾಡಿದೊಡನೆ ನಮ್ಮ ಮನೆಯಲ್ಲಿ ಈ ಚರ್ಚೆ ನಿಂತುಹೋಗುತ್ತದೆ. ಕೊರಿಯಾದ ಅಭಿಮಾನಿಗಳೂ ಕಡಿಮೆಯಿಲ್ಲ. ಕಛೇರಿಯ ದಿನ ಹೂವಿನ ಹಾರದ ಬದಲು ಕಲಾವಿದನ ಹೆಸರಿನಲ್ಲಿ ಅಕ್ಕಿ ಮೂಟೆ ಕಳಿಸುತ್ತಾರೆ, ಅದು ಬಡವರಿಗೆ ದಾನವಾಗಿ ಹೋಗುತ್ತದೆ. ಕಟೌಟಿಗೆ ಹಾಲು ಸುರಿಯುವ ನಮ್ಮವರಿಗೆ ಇದನ್ನು ಯಾರಾದರೂ ಹೇಳಬಾರದೇ?

ನಾಯಕ ಆರ್‌ಎಂನ ನಿಜನಾಮ ಕಿಮ್ ನಾಮ್‌ಜೂನ್. ಮರಗಿಡ, ಮ್ಯೂಸಿಯಂ, ಸೈಕಲ್ಲು ಎಂದು ಅಲೆಯುವುದು ಅವನ ಹವ್ಯಾಸ. ಅವನ ಹಾಗೆ ಅಡ್ಡಾಡುವುದಕ್ಕೆ ಅಭಿಮಾನಿಗಳು 'ನಾಮ್‌ಜೂನಿಂಗ್' ಎಂದೇ ಹೆಸರಿಟ್ಟಿದ್ದಾರೆ. ಡಾಕ್ಟರು ಹತ್ತು ವರ್ಷ ಬಡಕೊಂಡರೂ ವಾಕಿಂಗ್ ಮಾಡದ ನಾನು ಈಗ ಲಾಲ್‌ಬಾಗಿಗೆ ನಾಮ್‌ಜೂನಿಂಗಿಗೆ ಹೋಗುತ್ತೇನೆ. ಅವನಿಗೆ ಬೋನ್ಸಾಯ್ ಹುಚ್ಚೂ ಇದೆಯೆಂದು ಅಲ್ಲಿನ ಬೋನ್ಸಾಯ್ ತೋಟದ ಮುಂದೆ ಐದು ನಿಮಿಷ ಹೆಚ್ಚು ನಿಲ್ಲುತ್ತೇನೆ. ಮಂಡಿಗೂ ಅಷ್ಟು ಹೊತ್ತು ಬಿಡುವು.

2022ರ ಡಿಸೆಂಬರಿನಲ್ಲಿ ಹಿರಿಯವನಾದ ಜಿನ್ ಕಡ್ಡಾಯ ಸೈನಿಕ ಸೇವೆಗೆ ಹೊರಟ. ಹಿಂದೆಯೇ ಒಬ್ಬೊಬ್ಬರಾಗಿ ಉಳಿದವರು. ಸೇನೆಗೆ ಹೋದವರು ಅವರು, 'ಆರ್ಮಿ' ಎಂದು ಹೆಸರಿಟ್ಟುಕೊಂಡು ಮನೆಯಲ್ಲಿ ಕೂತವರು ಅಭಿಮಾನಿಗಳಾದ ನಾವು. ಹಳೆಯ ಬಸ್ ಸ್ಟಾಪಿನ ಅಭ್ಯಾಸ ಕೈಹಿಡಿದದ್ದು ಆಗ. ಕಾಯುವವರು ಒಟ್ಟಿಗೆ ನಿಂತರೆ ಬಸ್ಸಿನ ಚಿಂತೆ ಅರ್ಧ ಇಳಿಯುತ್ತದೆ. ಶುಗಾನ ಹುಟ್ಟುಹಬ್ಬಕ್ಕೆ ಹುಡುಗಿಯರು ಒಂದು ಕೆಫೆಯಲ್ಲಿ ಸೇರುತ್ತಾರೆಂದು ಮಗಳು ಪುಣೆಯಿಂದಲೇ ನನ್ನನ್ನು ಅಟ್ಟಿದಳು. ಕಾಫಿ ಲೋಟಕ್ಕೆ ಅವನ ಚಿತ್ರದ ಕಾಗದದ ಅಂಗಿ, ಗೋಡೆ ತುಂಬ ನೇರಳೆ ಬಲೂನು. ಮಗಳನ್ನು ಕರೆದೊಯ್ಯಲು ಬಂದ ಯಾರದೋ ತಾಯಿ ಇರಬೇಕೆಂದು ಒಬ್ಬಳು ಕುರ್ಚಿ ಕೊಟ್ಟಳು. ಇನ್ನೊಬ್ಬಳು ನನ್ನ ಮೊಬೈಲ್ ಕವರ್ ನೋಡಿ ಕಿರುಚಿದಳು: "ಆಂಟೀ, ನಿಮ್ಮ ಬಯಾಸೂ ಯೂನ್‌ಗಿನಾ?" ಅಲ್ಲಿಗೆ ಮೂವತ್ತೈದು ವರ್ಷದ ಅಂತರ ಕರಗಿತು. ಅಭಿಮಾನಿಗಳು ಹಾಡಿನ ನಡುವೆ ಏಳು ಜನರ ಪೂರ್ಣನಾಮ ಕೂಗುವುದು ರೂಢಿ. ಸಪ್ತರ್ಷಿಗಳ ಹೆಸರು ಹೇಳಿ ನುರಿತ ನಾಲಿಗೆ ನನ್ನದು, ಒಂದೂ ತಪ್ಪಲಿಲ್ಲ. ಸಿಎ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ಹುಡುಗಿಯೊಬ್ಬಳು ಪಕ್ಕ ಕೂತು ಅದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲವೆಂದಳು. ನಾನು ಉಪದೇಶ ಮಾಡಲಿಲ್ಲ, ನನ್ನ ಪಾಲಿನ ಕೇಕ್ ಕೊಟ್ಟೆ. ಈಗ ಅವಳು ತಿಂಗಳಿಗೊಮ್ಮೆ ನಮ್ಮ ಮನೆಗೆ ಬಿಸಿಬೇಳೆಬಾತಿಗೆ ಬರುತ್ತಾಳೆ.

2024ರ ಜೂನಿನಲ್ಲಿ ಜಿನ್ ಸೇವೆ ಮುಗಿಸಿ ಹೊರಬಂದಾಗ, ಇನ್ನೂ ಸಮವಸ್ತ್ರದಲ್ಲಿದ್ದ ನಾಮ್‌ಜೂನ್ ಸ್ಯಾಕ್ಸೊಫೋನ್ ನುಡಿಸಿ ಸ್ವಾಗತಿಸಿದ. ಕದ್ರಿ ಗೋಪಾಲನಾಥರನ್ನು ಕೇಳಿದ ಕಿವಿಗೆ ಅದು ಅಷ್ಟಕ್ಕಷ್ಟೆ. ಆದರೂ ಅತ್ತುಬಿಟ್ಟೆ. 2025ರ ಜೂನ್ 21ಕ್ಕೆ ಕೊನೆಯವನಾಗಿ ನನ್ನ ಯೂನ್‌ಗಿಯ ಸೇವೆಯೂ ಮುಗಿಯಿತು. ಅಂದು ಮನೆಯಲ್ಲಿ ಒಬ್ಬಟ್ಟು. ಏನು ವಿಶೇಷ ಎಂದು ಯಜಮಾನರು ಕೇಳಲಿಲ್ಲ. ನಾಲ್ಕು ತಿಂದರು.

'ಬೊರಾಹೇ' ಎನ್ನುವುದು ನಮ್ಮ ನಮಸ್ಕಾರ. ಬೊರಾ ಎಂದರೆ ನೇರಳೆ ಬಣ್ಣ. ಕಾಮನಬಿಲ್ಲಿನ ಕೊನೆಯ ಬಣ್ಣದ ಹಾಗೆ ಕೊನೆಯತನಕ ಪರಸ್ಪರ ನಂಬಿ ಪ್ರೀತಿಸೋಣ ಎಂಬ ಅರ್ಥದಲ್ಲಿ 2016ರಲ್ಲಿ ಏಳು ಜನರಲ್ಲೊಬ್ಬನಾದ ವಿ ಹುಟ್ಟಿಸಿದ ಪದ. ನೇರಳೆ ಹಣ್ಣು ತಿಂದು ನಾಲಿಗೆ ಚಾಚಿ ತೋರಿಸುತ್ತಿದ್ದ ನಮಗೆ ಆ ಬಣ್ಣ ಸುಲಭಕ್ಕೆ ಹೋಗುವುದಿಲ್ಲ ಎಂಬುದು ಮೊದಲೇ ಗೊತ್ತಿತ್ತು.

ನಮ್ಮ ಮೆಟ್ರೋದಲ್ಲೂ ಒಂದು ನೇರಳೆ ಮಾರ್ಗವಿದೆ. ಅದರಲ್ಲಿ ಮಂಡಿಗೆ ಪಟ್ಟಿ ಕಟ್ಟಿ, ಮೊಬೈಲಿನ ಬೆನ್ನಿಗೆ ಶುಗಾನ ಪಟ ಸಿಕ್ಕಿಸಿಕೊಂಡ ಹೆಂಗಸು ಕಂಡರೆ ಸಂಕೋಚವಿಲ್ಲದೆ ಮಾತಾಡಿಸಿ. ನನ್ನ ಹತ್ತಿರ ಜಿಮಿನ್ ಕಾರ್ಡು ಎರಡು ಹೆಚ್ಚಿವೆ.